ಒಳಕೋಣೆಯ ಗಣಕ, ಪಡಸಾಲೆಯ ಪರದೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ: 2021ರಲ್ಲಿ ರೂಪುಗೊಂಡ ವಿಜಯನಗರ ಜಿಲ್ಲೆಯ ಈ ತಾಲ್ಲೂಕುಗಳಲ್ಲಿ ಪಡಸಾಲೆಯ ಟೆಲಿವಿಷನ್ ಇಂದು ಅಪರೂಪದ ವಸ್ತುವಲ್ಲ. ಆದರೆ ಚಿತ್ರಮಯವಾದ ಆಟಗಳನ್ನು ನಡೆಸಬಲ್ಲ ಪ್ರಬಲ ಗಣಕಯಂತ್ರವು ಬೆಲೆಯುಳ್ಳದ್ದು. ಇದ್ದರೂ ಅದು ಒಳಕೋಣೆಯ ಮೇಜಿನ ಮೇಲೆಯೇ ಇರುತ್ತದೆ. ಗಣಕವನ್ನು ಕದಲಿಸದೆ ಅದರ ಆಟವನ್ನು ಪಡಸಾಲೆಯ ಪರದೆಯ ಮೇಲೆ ಆಡಬಹುದೆ? ಆಡಬಹುದು. ಅದು ಹೇಗೆಂಬುದನ್ನೂ ಅದಕ್ಕೆ ಒದಗುವ ಅಡಚಣೆ ಯಾವುದೆಂಬುದನ್ನೂ ಇಲ್ಲಿ ವಿವೇಚಿಸೋಣ.

ಟೆಲಿವಿಷನ್ನಿಗೆ ದೂರದಿಂದ ಚಿತ್ರವನ್ನು ಕಳುಹಿಸುವುದು ಹೊಸತಲ್ಲ. 1975ರ ಆಗಸ್ಟಿನಿಂದ 1976ರ ಜುಲೈವರೆಗೆ ನಡೆದ ಉಪಗ್ರಹ ಬೋಧನಾ ಪ್ರಯೋಗದಲ್ಲಿ, ತುಂಗಭದ್ರೆಯ ಆಚೆಯ ರಾಯಚೂರು ಜಿಲ್ಲೆಯ ಹಳ್ಳಿಗಳಿಗೂ ಆಕಾಶದಿಂದ ಚಿತ್ರಗಳು ಇಳಿದವು. ಭೂಸ್ಥಿರ ಉಪಗ್ರಹವು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವುದರಿಂದ, ಏರಿ ಇಳಿಯುವ 72,000 ಕಿಲೋಮೀಟರ್ ದಾರಿಗೆ ರೇಡಿಯೋ ಅಲೆಗಳಿಗೆ 0.24 ಸೆಕೆಂಡು ಬೇಕು. ನೋಡುವವನು ಕೇವಲ ಪ್ರೇಕ್ಷಕನಾದುದರಿಂದ ಆ ವಿಳಂಬವು ಅವನಿಗೆ ತಿಳಿಯಲಿಲ್ಲ. ಆಟಗಾರನಾದರೋ ಪ್ರೇಕ್ಷಕನಲ್ಲ. ಅವನು ಗುಂಡಿಯನ್ನು ಒತ್ತುತ್ತಾನೆ. ಆಜ್ಞೆಯು ಗಣಕಕ್ಕೆ ಹೋಗಬೇಕು, ಅದರ ಫಲವಾದ ಚಿತ್ರವು ಮರಳಿ ಬರಬೇಕು. ಉಪಗ್ರಹದ ಮೂಲಕವಾದರೆ ಇದಕ್ಕೆ ಸುಮಾರು ಅರ್ಧ ಸೆಕೆಂಡು ಹಿಡಿಯುತ್ತದೆ. ಅಷ್ಟರಲ್ಲಿ ಎದುರಾಳಿಯ ಚೆಂಡು ವಿಕೆಟನ್ನು ಉರುಳಿಸಿರುತ್ತದೆ!

ಮೊದಲು ಚಿತ್ರದ ಭಾರವನ್ನು ಅಳೆಯೋಣ. ಪರದೆಯ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳಿದ್ದರೆ ಒಟ್ಟು 20,73,600 ಚುಕ್ಕೆಗಳಾದವು. ಒಂದೊಂದರ ಬಣ್ಣವನ್ನು ತಿಳಿಸಲು 24 ಬಿಟ್‌ಗಳು ಬೇಕು. ಸೆಕೆಂಡಿಗೆ 60 ಚಿತ್ರಗಳೆಂದರೆ ಸುಮಾರು 300 ಕೋಟಿ ಬಿಟ್‌ಗಳಾಗುತ್ತವೆ. ಮನೆಯ ವೈ-ಫೈ ಸಾಮಾನ್ಯವಾಗಿ ಇಷ್ಟನ್ನು ಹೊರಲಾರದು. ಆದುದರಿಂದ ಗಣಕವು ಚಿತ್ರವನ್ನು ಸಂಕ್ಷೇಪಿಸುತ್ತದೆ. ಒಂದು ಚಿತ್ರಕ್ಕೂ ಮುಂದಿನದಕ್ಕೂ ಬಹುಭಾಗ ಸಮಾನವಾಗಿರುವುದಷ್ಟೆ. ಬದಲಾದ ಅಂಶವನ್ನು ಮಾತ್ರ ತಿಳಿಸಿದರೆ ಸಾಕು. ಹೀಗೆ ಸೆಕೆಂಡಿಗೆ ಎರಡು ಕೋಟಿ ಬಿಟ್‌ಗಳಲ್ಲಿ, ಎಂದರೆ ನೂರೈವತ್ತರಲ್ಲಿ ಒಂದು ಪಾಲಿನಲ್ಲಿ, ತೃಪ್ತಿಕರವಾದ ಚಿತ್ರವನ್ನು ಕಳುಹಿಸಬಹುದು. ಪಡಸಾಲೆಯ ಉಪಕರಣವು ಅದನ್ನು ಬಿಡಿಸಿ ಪರದೆಗೆ ಒಪ್ಪಿಸುತ್ತದೆ. ವಾಲ್ವ್ ಸಂಸ್ಥೆಯು ತನ್ನ ಸ್ಟೀಮ್ ವ್ಯವಸ್ಥೆಯಲ್ಲಿ ಇಂಥ ಸೌಲಭ್ಯವನ್ನು 2014ರಲ್ಲಿ ಸಾರ್ವಜನಿಕರಿಗೆ ಒದಗಿಸಿತು. 2015ರಲ್ಲಿ ಇದಕ್ಕಾಗಿಯೇ ಸ್ಟೀಮ್ ಲಿಂಕ್ ಎಂಬ ಪುಟ್ಟ ಪೆಟ್ಟಿಗೆಯು ಬಂದಿತು. 2018ರಲ್ಲಿ ಅದರ ಮಾರಾಟವು ನಿಂತು, ಅದೇ ಕೆಲಸವನ್ನು ಮಾಡುವ ತಂತ್ರಾಂಶವು ಅದರ ಸ್ಥಾನಕ್ಕೆ ಬಂದಿತು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಅಂತರಜಾಲದಿಂದ ಬರುವ ಚಲನಚಿತ್ರವು ಸಂಪರ್ಕವು ಕ್ಷಣಕಾಲ ಕುಗ್ಗಿದರೂ ನಿಲ್ಲದು, ಆಟವೇಕೆ ತಡವರಿಸುತ್ತದೆ? ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಮಾಲವಿ ಜಲಾಶಯವನ್ನು ನೆನೆಯೋಣ. ಮಳೆ ಬಂದಾಗ ನೀರನ್ನು ಸಂಗ್ರಹಿಸಿಟ್ಟರೆ ಮಳೆಯಿಲ್ಲದ ದಿನಗಳಲ್ಲಿಯೂ ಕಾಲುವೆಗೆ ಬಿಡಬಹುದು. ಚಲನಚಿತ್ರದ ಮುಂದಿನ ದೃಶ್ಯಗಳನ್ನು ಹೀಗೆಯೇ ಮುಂಚಿತವಾಗಿ ತಂದು ಕೂಡಿಡಬಹುದು. ಆಟದಲ್ಲಿ ಮುಂದಿನ ಚಿತ್ರವು ಇನ್ನೂ ಹುಟ್ಟಿಯೇ ಇಲ್ಲ. ಆಟಗಾರನ ಬೆರಳು ನಿರ್ಧರಿಸಿದ ಬಳಿಕವೇ ಅದರ ಜನನ. ಹುಟ್ಟದ ನೀರಿಗೆ ಕಟ್ಟೆ ಕಟ್ಟುವುದೆಂತು?

ವಿಳಂಬವೆಂದರೆ ಎಷ್ಟು? ಕೊಟ್ಟೂರೇಶ್ವರನ ತೇರಿನ ದಿನ ಡೊಳ್ಳಿನವರಿಂದ 34 ಮೀಟರ್ ದೂರ ನಿಂತವರಿಗೆ ಕೋಲಿನ ಪೆಟ್ಟು ಮೊದಲು ಕಾಣುತ್ತದೆ, ಸದ್ದು 0.1 ಸೆಕೆಂಡು ಹಿಂದೆ ಬೀಳುತ್ತದೆ. ಏಕೆಂದರೆ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಈ ಅಳತೆಗೋಲನ್ನು ಇಟ್ಟುಕೊಂಡು ಒಂದು ಲೆಕ್ಕ ಮಾಡೋಣ. ಆಜ್ಞೆಯನ್ನು ಗ್ರಹಿಸಿ ಚಿತ್ರವನ್ನು ರಚಿಸಲು 25 ಮಿಲಿಸೆಕೆಂಡು, ಸಂಕ್ಷೇಪಕ್ಕೆ 5, ಪ್ರಯಾಣಕ್ಕೆ 5, ಬಿಡಿಸಲು 10, ಟೆಲಿವಿಷನ್ನಿಗೆ 15 ಎಂದು ಇಟ್ಟುಕೊಂಡರೆ ಒಟ್ಟು 60. ಎಂದರೆ ಡೊಳ್ಳಿನಿಂದ ಸುಮಾರು 20 ಮೀಟರ್ ದೂರ ನಿಂತಂತೆ. ಆದರೆ ಅನೇಕ ಟೆಲಿವಿಷನ್ನುಗಳು ಚಿತ್ರವನ್ನು ಚೆಂದಗೊಳಿಸುವ ಗೊಡವೆಯಲ್ಲಿ 100 ಮಿಲಿಸೆಕೆಂಡನ್ನು ತಾವೇ ನುಂಗುವುದುಂಟು. ಆಗ ಒಟ್ಟು 145 ಆಯಿತು. ಡೊಳ್ಳು 49 ಮೀಟರಿಗೆ ಸರಿಯಿತು! ಸೆಟ್ಟಿಂಗಿನಲ್ಲಿ ‘ಗೇಮ್ ಮೋಡ್’ ಇದ್ದರೆ ಅದನ್ನು ಆರಿಸುವುದೇ ಇದಕ್ಕೆ ಖರ್ಚಿಲ್ಲದ ಪರಿಹಾರ.

ಇನ್ನೊಂದು ಅಡಚಣೆ ಗೋಡೆ. ವೈ-ಫೈಯ 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರ್, 5 ಗಿಗಾಹರ್ಟ್ಸ್ ಅಲೆಯದು 6. ಎರಡನೆಯದು ಹೆಚ್ಚು ಮಾಹಿತಿಯನ್ನು ಹೊರಬಲ್ಲದು, ಆದರೆ ಕಲ್ಲುಮಣ್ಣಿನ ದಪ್ಪ ಗೋಡೆಯಲ್ಲಿ ಬೇಗ ಸೊರಗುತ್ತದೆ. ಮೊದಲನೆಯದು ಗೋಡೆಯನ್ನು ಹೆಚ್ಚು ಚೆನ್ನಾಗಿ ದಾಟಿದರೂ, ಅದೇ ದಾರಿಯಲ್ಲಿ ಬ್ಲೂಟೂತ್ ಮತ್ತು ನೆರೆಮನೆಯ ಉಪಕರಣಗಳ ನೂಕುನುಗ್ಗಲು. ಕಳೆದುಹೋದ ತುಣುಕನ್ನು ಮತ್ತೆ ತರಿಸುವಷ್ಟರಲ್ಲಿ ಅದರ ಕಾಲ ಮೀರಿರುತ್ತದೆ. ಆದುದರಿಂದ ಹಳೆಯ ಮಾಳಿಗೆ ಮನೆಯಲ್ಲಿ, ಗಣಕದಿಂದ ರೂಟರಿಗಾದರೂ ಒಂದು ಈಥರ್ನೆಟ್ ತಂತಿಯನ್ನು ಎಳೆಯುವುದು ಜಾಣತನ.

ಕೈಯಲ್ಲಿರುವ ಫೋನಿನಿಂದಲೇ ಇದನ್ನು ಪರೀಕ್ಷಿಸಬಹುದು. ಸೆಕೆಂಡಿಗೆ 240 ಚಿತ್ರ ತೆಗೆಯುವ ನಿಧಾನಗತಿಯ ಕ್ಯಾಮೆರಾದಲ್ಲಿ ಬೆರಳೂ ಪರದೆಯೂ ಒಟ್ಟಿಗೆ ಕಾಣುವಂತೆ ಚಿತ್ರೀಕರಿಸಿರಿ. ಗುಂಡಿ ಒತ್ತಿದ ಚಿತ್ರದಿಂದ ಪರದೆ ಬದಲಾದ ಚಿತ್ರದವರೆಗೆ ಎಣಿಸಿ, 240ರಿಂದ ಭಾಗಿಸಿರಿ. 14 ಚಿತ್ರಗಳಾದರೆ ವಿಳಂಬ ಸುಮಾರು 58 ಮಿಲಿಸೆಕೆಂಡು. ಹತ್ತು ಬಾರಿ ಮಾಡಿ ಸರಾಸರಿ ತೆಗೆಯುವುದು ಉತ್ತಮ.

ಇದು ಆಟಕ್ಕಷ್ಟೇ ಸಂಬಂಧಿಸಿದ ವಿಷಯವೆಂದು ತಿಳಿಯಬಾರದು. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. 300 ಕಿಲೋಮೀಟರ್ ಉದ್ದದ ಎಳೆಯಲ್ಲಿ ಹೋಗಿಬರಲು 3 ಮಿಲಿಸೆಕೆಂಡು ಸಾಕು. ಎಂದರೆ ದೂರದ ನಗರದಲ್ಲಿರುವ ಪ್ರಬಲ ಗಣಕವೂ, ಸಂಪರ್ಕ ಚೆನ್ನಾಗಿದ್ದಲ್ಲಿ, ಹಡಗಲಿಯ ವಿದ್ಯಾರ್ಥಿಯ ಅಗ್ಗದ ಉಪಕರಣದ ಮೂಲಕ ಎಂಜಿನಿಯರಿಂಗ್ ನಕ್ಷೆಯನ್ನು ಬರೆಯಬಲ್ಲದು, ವಿಜ್ಞಾನದ ಲೆಕ್ಕವನ್ನು ಬಿಡಿಸಬಲ್ಲದು. ನಗರದಿಂದ ದೂರವಿರುವುದೇ ಕೊರತೆಯಲ್ಲ. ಕಾಲವು ಸೋರಿಹೋಗುವುದು ಬಹಳ ಸಲ ದಾರಿಯ ಉದ್ದದಲ್ಲಲ್ಲ, ಅದರ ಎರಡು ತುದಿಗಳಲ್ಲಿ. ಎಲ್ಲಿ ಸೋರುತ್ತದೆಂದು ಅಳೆದು ತಿಳಿದವನು ಹೊಸ ಯಂತ್ರವನ್ನು ಕೊಳ್ಳುವ ಮೊದಲು ಇರುವುದನ್ನೇ ಸರಿಪಡಿಸಿಕೊಳ್ಳಬಲ್ಲನು.