ಎಣ್ಣೆ ಸೋಸುವ ಡಬ್ಬಿ

ಎತ್ತಿನ ಗಾಡಿಯಲ್ಲಿ ದೂರದ ಊರಿಗೆ ಹೊರಡುವ ರೈತನು ಗಾಡಿಯ ಕೆಳಗೆ ಕೀಲೆಣ್ಣೆಯ ಬುಡ್ಡಿಯೊಂದನ್ನು ತೂಗುಹಾಕಿಕೊಂಡೇ ಹೊರಡುತ್ತಿದ್ದನು. ದಾರಿಯಲ್ಲಿ ಗಾಲಿಯು ಕಿರುಗುಟ್ಟತೊಡಗಿದರೆ ಗಾಡಿಯನ್ನು ನಿಲ್ಲಿಸಿ, ಅಚ್ಚಿನ ಮೇಲೆ ಕುಳಿತ ಕರಿಯ ಜಿಡ್ಡನ್ನು ಚಿಂದಿಯಿಂದ ಒರೆಸಿ ತೆಗೆದು, ಬಳಿಕ ಹೊಸ ಎಣ್ಣೆಯನ್ನು ಹಚ್ಚುತ್ತಿದ್ದನು. ಒರೆಸದೆ ಹಚ್ಚಿದರೆ ಹಳೆಯ ಜಿಡ್ಡಿನಲ್ಲಿ ಸಿಕ್ಕಿಕೊಂಡ ಮರಳಿನ ಕಣವೂ ಕಬ್ಬಿಣದ ಪುಡಿಯೂ ಹೊಸ ಎಣ್ಣೆಯೊಡನೆ ಕಲೆತು ಅಚ್ಚನ್ನು ಅರದಂತೆ ತೇಯುವುವು. ಇದನ್ನು ಅವನಿಗೆ ಯಾವ ಪುಸ್ತಕವೂ ಹೇಳಿಕೊಟ್ಟಿರಲಿಲ್ಲ. ಸವೆದ ಅಚ್ಚುಗಳೇ ಕಲಿಸಿದ್ದುವು.

ಮೋಟಾರು ಕಾರಿನ ಎಂಜಿನ್ನಿಗೂ ಇದೇ ನಿಯಮ ಅನ್ವಯಿಸುತ್ತದೆ. ಆದರೆ ಅಲ್ಲಿ ವೇಗವು ಬೇರೆ. ಹೆದ್ದಾರಿಯಲ್ಲಿ ಓಡುವ ಕಾರಿನ ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುತ್ತಿದೆ ಎಂದಿಟ್ಟುಕೊಂಡರೆ, ಅದರ ಕ್ರ್ಯಾಂಕ್ ದಂಡವು ಒಂದು ಸೆಕೆಂಡಿನಲ್ಲಿ 50 ಬಾರಿ ಸುತ್ತುತ್ತದೆ. ಆ ದಂಡಕ್ಕೂ ಅದನ್ನು ಹೊತ್ತಿರುವ ಬೇರಿಂಗಿಗೂ ನಡುವೆ ಇರುವ ಎಡೆಯಾದರೋ ಒಂದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗದಷ್ಟು, ಅಥವಾ ಅದಕ್ಕಿಂತಲೂ ಕಡಿಮೆ. ಮನುಷ್ಯನ ತಲೆಗೂದಲು ಕೂಡ ಸಾಮಾನ್ಯವಾಗಿ ಅದಕ್ಕಿಂತ ದಪ್ಪ. ಆ ಕಿರಿದಾದ ಎಡೆಯಲ್ಲಿ ಎಣ್ಣೆಯ ತೆಳುಪದರವೊಂದು ನಿಂತು ಲೋಹಕ್ಕೆ ಲೋಹ ತಾಗದಂತೆ ತಡೆಯುತ್ತದೆ. ದಂಡವು ತಿರುಗುವುದು ಬೇರಿಂಗಿನ ಮೇಲೆ ಅಲ್ಲ, ಎಣ್ಣೆಯ ಮೇಲೆ ಎಂದರೂ ತಪ್ಪಾಗದು.

ಈ ಎಣ್ಣೆಯು ಶುದ್ಧವಾಗಿ ಉಳಿಯುವುದಿಲ್ಲ. ಇಂಧನವು ಉರಿದಾಗ ಹುಟ್ಟುವ ಮಸಿ, ಸವೆದ ಲೋಹದ ಕಣಗಳು, ಗಾಳಿಯೊಡನೆ ನುಸುಳಿದ ಧೂಳು, ಇವೆಲ್ಲ ಅದರಲ್ಲಿ ಸೇರುತ್ತವೆ. ಗಾಡಿಯ ರೈತನಂತೆ ಮಧ್ಯದಲ್ಲಿ ನಿಲ್ಲಿಸಿ ಒರೆಸುವುದು ಇಲ್ಲಿ ಸಾಧ್ಯವಿಲ್ಲ. ಓಡುತ್ತಿರುವಾಗಲೇ ಎಣ್ಣೆಯನ್ನು ಶುದ್ಧಗೊಳಿಸುತ್ತಿರಬೇಕು. ಹಿಂದಿನ ಕಾಲದ ಕಾರುಗಳಲ್ಲಿ ಎಣ್ಣೆಯ ದಾರಿಯಲ್ಲಿ ಲೋಹದ ಜಾಲರಿಯೊಂದನ್ನು ಬಿಟ್ಟರೆ ಹೆಚ್ಚಿನ ಏರ್ಪಾಡು ಇರಲಿಲ್ಲ. ಆಗಾಗ ಎಣ್ಣೆಯನ್ನೇ ಚೆಲ್ಲಿ ಹೊಸದನ್ನು ತುಂಬುತ್ತಿದ್ದರು. 1923ರಲ್ಲಿ ಅಮೆರಿಕದ ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ ಎಂಬಾತನು ಕಾರಿನ ಎಣ್ಣೆಯನ್ನು ಸೋಸುವ ಸಾಧನವೊಂದನ್ನು ರೂಪಿಸಿ ಅದಕ್ಕೆ 'ಪ್ಯೂರೊಲೇಟರ್' ಎಂದು ಹೆಸರಿಟ್ಟನು. 'ಮುಂದೆ ಶುದ್ಧ ಎಣ್ಣೆ' ಎಂಬ ಅರ್ಥದ ಇಂಗ್ಲಿಷ್ ಪದಗಳನ್ನು ಬೆಸೆದು ಕಟ್ಟಿದ ಹೆಸರದು. ಮರುವರ್ಷ ಹೊರಬಂದ ಕ್ರೈಸ್ಲರ್ ಕಾರಿನಲ್ಲಿ ಆ ಸಾಧನವಿತ್ತು. ಪಂಪಿನಿಂದ ಬರುವ ಎಲ್ಲ ಎಣ್ಣೆಯೂ ಸೋಸಿಯೇ ಬೇರಿಂಗುಗಳಿಗೆ ಹೋಗುವ ಏರ್ಪಾಡು ವ್ಯಾಪಕವಾದದ್ದು ಎರಡನೆಯ ಮಹಾಯುದ್ಧದ ನಂತರದ ವರ್ಷಗಳಲ್ಲಿ.

ಇಂದು ಎಂಜಿನ್ನಿನ ಪಕ್ಕದಲ್ಲಿ ತಿರುಪಿ ಕೂರಿಸಿದ, ಸಣ್ಣ ಡಬ್ಬಿಯಂತೆ ಕಾಣುವ ಫಿಲ್ಟರು ಅದೇ ವಂಶದ್ದು. ಅದರ ಬಾಯಿಯ ಸುತ್ತ ಕಿರಿಯ ರಂಧ್ರಗಳ ಒಂದು ಸಾಲಿದೆ. ನಡುವೆ ತಿರುಪಿನ ಸುತ್ತುಗಳಿರುವ ದೊಡ್ಡ ರಂಧ್ರವಿದೆ. ಎಣ್ಣೆಯು ಕಿರಿಯ ರಂಧ್ರಗಳಿಂದ ಒಳಹೊಕ್ಕು, ಮಡಿಕೆ ಮಡಿಕೆಯಾಗಿ ಜೋಡಿಸಿದ ವಿಶೇಷ ಕಾಗದದ ಮೂಲಕ ಹೊರಗಿನಿಂದ ಒಳಕ್ಕೆ ಹಾಯ್ದು, ನಡುವಿನ ರಂಧ್ರದಿಂದ ಹೊರಬೀಳುತ್ತದೆ. ಕಾಗದವನ್ನು ಮಡಿಕೆಗೊಳಿಸಿರುವುದು ಅಂದಕ್ಕಲ್ಲ. ಕಿರಿದಾದ ಡಬ್ಬಿಯಲ್ಲಿ ಹೆಚ್ಚು ವಿಸ್ತಾರದ ಹಾಳೆಯನ್ನು ಅಡಗಿಸುವುದಕ್ಕಾಗಿ.

ಡಬ್ಬಿಯೊಳಗೆ ಕಾಗದವಲ್ಲದೆ ಇನ್ನೆರಡು ಭಾಗಗಳು ಸಾಮಾನ್ಯವಾಗಿ ಇರುತ್ತವೆ. ಕಿರಿಯ ರಂಧ್ರಗಳ ಹಿಂದೆ ಇರುವ ರಬ್ಬರಿನ ತೆಳುಪರದೆಯು ಎಣ್ಣೆಯನ್ನು ಒಳಗೆ ಬಿಡುತ್ತದೆ, ಹಿಂದಕ್ಕೆ ಬಿಡುವುದಿಲ್ಲ. ರಾತ್ರಿಯೆಲ್ಲ ನಿಂತ ಕಾರನ್ನು ಬೆಳಗ್ಗೆ ಚಾಲೂ ಮಾಡಿದಾಗ ಎಣ್ಣೆಯು ತಡವಿಲ್ಲದೆ ಬೇರಿಂಗುಗಳನ್ನು ತಲುಪುವುದಕ್ಕೆ ಈ ಪರದೆಯೇ ಕಾರಣ. ಫಿಲ್ಟರನ್ನು ಅಡ್ಡಲಾಗಿಯೋ ಬಾಯಿ ಕೆಳಗಾಗಿಯೋ ಜೋಡಿಸಿದ ಎಂಜಿನ್ನುಗಳಲ್ಲಿ ಇದಿಲ್ಲದಿದ್ದರೆ ಪ್ರತಿ ಮುಂಜಾನೆಯೂ ಕೆಲವು ಕ್ಷಣ ಲೋಹದ ಗಡಗಡ ಸದ್ದು ಕೇಳಿಸುತ್ತದೆ. ಎರಡನೆಯದು ಸ್ಪ್ರಿಂಗಿನ ಬಲದಿಂದ ಮುಚ್ಚಿರುವ ಒಂದು ಕವಾಟ. ಕಾಗದವು ಕೊಳೆಯಿಂದ ಕಟ್ಟಿಕೊಂಡಾಗ, ಅಥವಾ ಚಳಿಗೆ ಎಣ್ಣೆಯು ಗಟ್ಟಿಯಾಗಿ ಹಾಯಲಾರದಾದಾಗ, ಈ ಕವಾಟವು ತೆರೆದು ಎಣ್ಣೆಯನ್ನು ಸೋಸದೆಯೇ ಮುಂದಕ್ಕೆ ಬಿಡುತ್ತದೆ. ಇದು ವಿಚಿತ್ರವಾಗಿ ತೋರಬಹುದು. ಆದರೆ ಎಂಜಿನ್ನಿಗೆ ಕೊಳಕು ಎಣ್ಣೆಯಿಂದ ಆಗುವ ಕೇಡು ತಿಂಗಳುಗಳ ಮೇಲೆ ಕಾಣಿಸಿಕೊಳ್ಳುವಂಥದು. ಎಣ್ಣೆಯೇ ಇಲ್ಲದಿದ್ದರೆ ಆಗುವ ಕೇಡು ನಿಮಿಷಗಳದು. ಇವೆರಡರಲ್ಲಿ ಕಡಿಮೆಯದನ್ನು ಆರಿಸಿಕೊಂಡ ಎಂಜಿನಿಯರರ ವಿವೇಕ ಮೆಚ್ಚತಕ್ಕದ್ದು.

ಫಿಲ್ಟರನ್ನು ಕೊಳ್ಳುವಾಗ ಜನರು ಎಡವುವುದು ಹೊರರೂಪವನ್ನು ನಂಬುವುದರಿಂದ. ಅಂಗಡಿಯ ಹಲಗೆಯ ಮೇಲೆ ಸಾಲಾಗಿ ಇಟ್ಟ ಡಬ್ಬಿಗಳು ಒಂದೇ ತಾಯಿಯ ಮಕ್ಕಳಂತೆ ಕಾಣುತ್ತವೆ. ಕೆಲವು ಕಾರುಗಳ ಫಿಲ್ಟರಿನ ತಿರುಪು ಮುಕ್ಕಾಲು ಇಂಚು ವ್ಯಾಸದ್ದು, ಎಂದರೆ 19.05 ಮಿಲಿಮೀಟರು, ಒಂದು ಇಂಚಿಗೆ 16 ಸುತ್ತುಗಳು. ಬೇರೆ ಕೆಲವು ಕಾರುಗಳದು 20 ಮಿಲಿಮೀಟರು ವ್ಯಾಸ. ಸುತ್ತಿನಿಂದ ಸುತ್ತಿಗೆ ಒಂದೂವರೆ ಮಿಲಿಮೀಟರು ಅಂತರ. ಇಂಚಿನ ತಿರುಪಿನಲ್ಲಿ ಆ ಅಂತರ 1.5875 ಮಿಲಿಮೀಟರು. ಕಣ್ಣಿಗೆ ಈ ವ್ಯತ್ಯಾಸ ಸಿಕ್ಕುವುದಿಲ್ಲ. ಕೈಗೂ ಸಿಕ್ಕದಿರಬಹುದು, ಏಕೆಂದರೆ 20 ಮಿಲಿಮೀಟರಿನ ಫಿಲ್ಟರನ್ನು ಮುಕ್ಕಾಲು ಇಂಚಿನ ಕೊಳವೆಯ ಮೇಲೆ ತಿರುಪಿದರೆ ಅದು ಸಡಿಲವಾಗಿಯಾದರೂ ಏರುತ್ತದೆ, ಬಿಗಿಯಾದಂತೆಯೂ ತೋರುತ್ತದೆ. ಆದರೆ ಸುತ್ತುಗಳ ತುದಿ ಮಾತ್ರ ಒಂದಕ್ಕೊಂದು ಕಚ್ಚಿರುತ್ತದೆ. ಈಗ ಸಣ್ಣದೊಂದು ಲೆಕ್ಕ. ಫಿಲ್ಟರಿನ ಬಾಯಿಯ ರಬ್ಬರ್ ವಾಷರಿನ ವ್ಯಾಸವು 6 ಸೆಂಟಿಮೀಟರು ಎಂದಾದರೆ ಅದರೊಳಗಿನ ವಿಸ್ತೀರ್ಣವು ಸುಮಾರು 28 ಚದರ ಸೆಂಟಿಮೀಟರು. ಎಣ್ಣೆಯ ಒತ್ತಡವು ಚದರ ಸೆಂಟಿಮೀಟರಿಗೆ 4 ಕಿಲೊಗ್ರಾಂ ಇದ್ದರೆ, ಡಬ್ಬಿಯನ್ನು ಎಂಜಿನ್ನಿನಿಂದ ಆಚೆಗೆ ನೂಕುವ ಬಲವು 110 ಕಿಲೊಗ್ರಾಮಿಗೂ ಮಿಗಿಲು. ಅಕ್ಕಿಯ ಮೂಟೆಗಿಂತ ಹೆಚ್ಚಿನ ಭಾರವು ಆ ತುದಿಗಳ ಮೇಲೆ ತೂಗುತ್ತಿರುವಾಗ ಅವು ಎಷ್ಟು ಹೊತ್ತು ತಡೆದಾವು?

ಆದುದರಿಂದ ಹಳೆಯ ಡಬ್ಬಿಯನ್ನು ಹಿಡಿದು ಅದರಂತೆಯೇ ಕಾಣುವ ಮತ್ತೊಂದನ್ನು ಹುಡುಕುವುದು ಸರಿಯಾದ ಕ್ರಮವಲ್ಲ. ಹಿಂದೆ ಹಾಕಿದ್ದವನೇ ತಪ್ಪಿರಬಹುದಲ್ಲವೆ? ಕಾರಿನ ಮಾದರಿ, ತಯಾರಾದ ವರ್ಷ, ಎಂಜಿನ್ನಿನ ಬಗೆ ಇವುಗಳನ್ನು ಹೇಳಿ, ಕೈಪಿಡಿಯಲ್ಲಿಯೋ ಫಿಲ್ಟರ್ ತಯಾರಕರ ಪಟ್ಟಿಯಲ್ಲಿಯೋ ಕೊಟ್ಟಿರುವ ಸಂಖ್ಯೆಯದನ್ನೇ ಕೇಳಿ ಪಡೆಯಬೇಕು. ದೊಡ್ಡ ಡಬ್ಬಿ ಹೆಚ್ಚು ಸೋಸೀತು ಎಂಬ ಆಸೆಯಿಂದ ಬೇರೆಯದನ್ನು ತರುವವರೂ ಇದ್ದಾರೆ. ಒಳಗಿನ ಕವಾಟವು ಎಷ್ಟು ಒತ್ತಡಕ್ಕೆ ತೆರೆಯುವುದೆಂಬುದು ಡಬ್ಬಿಯ ಗಾತ್ರದಿಂದ ತಿಳಿಯುವುದಿಲ್ಲ. ಪೇಟೆಯಲ್ಲಿ ನಕಲಿ ಫಿಲ್ಟರುಗಳೂ ಉಂಟು. ಅವುಗಳಲ್ಲಿ ಮಡಿಕೆಗಳು ವಿರಳ. ಕೆಲವಕ್ಕೆ ರಬ್ಬರಿನ ಪರದೆಯೇ ಇರುವುದಿಲ್ಲ.

ಸರಿಯಾದ ಫಿಲ್ಟರು ಕೈಸೇರಿದ ಮೇಲೂ ಅಜಾಗ್ರತೆಗೆ ಎಡೆಯಿದೆ. ಇಂಥ ಪ್ರಸಂಗವೊಂದನ್ನು ಊಹಿಸಿಕೊಳ್ಳಬಹುದು. ಬಾಡಿಗೆ ಕಾರಿನ ಯುವಕ ಚಾಲಕನೊಬ್ಬನು ಸಂಜೆಯ ಮಬ್ಬಿನಲ್ಲಿ ತಾನೇ ಫಿಲ್ಟರನ್ನು ಬದಲಾಯಿಸಿ, ರಾತ್ರಿ ಪ್ರಯಾಣಿಕರನ್ನು ಕೂರಿಸಿಕೊಂಡು ಗುಂಡ್ಯದಿಂದ ಶಿರಾಡಿ ಘಟ್ಟವನ್ನು ಏರುತ್ತಿದ್ದಾನೆ. ಅರ್ಧ ದಾರಿಯಲ್ಲಿ ಎಣ್ಣೆಯ ಗಿಂಡಿಯ ಚಿತ್ರವಿರುವ ಕೆಂಪು ದೀಪವು ಹೊತ್ತಿಕೊಳ್ಳುತ್ತದೆ. ಹೊಸ ಎಣ್ಣೆ, ಹೊಸ ಫಿಲ್ಟರು. ದೀಪವೇ ಕೆಟ್ಟಿರಬೇಕೆಂದು ಅವನು ಇನ್ನೆರಡು ತಿರುವುಗಳನ್ನು ದಾಟುತ್ತಾನೆ. ಎಂಜಿನ್ನು ಗಡಗಡಿಸಿ ನಿಂತುಬಿಡುತ್ತದೆ. ಬೆಳಗ್ಗೆ ಕಾರನ್ನು ಸಕಲೇಶಪುರಕ್ಕೆ ಎಳೆಸಿದಾಗ ಅಲ್ಲಿಯ ಹಿರಿಯ ಮೆಕ್ಯಾನಿಕ್ಕನು ಕೆಳಗೆ ಮಲಗಿ ನೋಡುತ್ತಾನೆ.

"ಫಿಲ್ಟರು ಹಾಕಿ ಇನ್ನೂ ಒಂದು ದಿನವೂ ಆಗಿಲ್ಲ, ಅಣ್ಣಾ" ಎನ್ನುತ್ತಾನೆ ಚಾಲಕ.

"ಹೊಸದನ್ನು ಹಾಕಿದೆ, ಸರಿ. ಹಳೆಯದರ ವಾಷರು ಎಲ್ಲಿ ಹೋಯಿತು, ನೋಡಿದೆಯೇನಪ್ಪಾ?" ಎಂದು ಕೇಳಿ ಅವನು ಹೊರಗೆ ಚಾಚುವ ಕೈಯಲ್ಲಿ ಎರಡು ವಾಷರುಗಳಿರುತ್ತವೆ.

ಎಂಜಿನ್ನಿನ ಕಾವಿಗೆ ಹಳೆಯ ವಾಷರು ಅಂಟಿಕೊಂಡು, ಡಬ್ಬಿಯೊಡನೆ ಬರದೆ ಉಳಿದುಬಿಡುವುದುಂಟು. ಅದರ ಮೇಲೆಯೇ ಹೊಸ ಫಿಲ್ಟರನ್ನು ಕೂರಿಸಿದರೆ ಮೊದಲಿಗೆ ಏನೂ ತೋರುವುದಿಲ್ಲ. ಒತ್ತಡವೇರಿದಾಗ ಎರಡು ರಬ್ಬರುಗಳು ಒಂದರ ಮೇಲೊಂದು ಜಾರಿ, ಹೊರಕ್ಕೆ ಉಬ್ಬಿ, ದಾರಿ ಬಿಡುತ್ತವೆ. ಎಂಜಿನ್ನಿನ ಎಣ್ಣೆಯೆಲ್ಲ ರಸ್ತೆಯ ಪಾಲಾಗಲು ಕೆಲವೇ ನಿಮಿಷಗಳು ಸಾಕು. ಹಳೆಯ ಅಂಬಾಸಡರ್ ಕಾರುಗಳಲ್ಲಿ ಡಬ್ಬಿಯ ಬದಲು ಲೋಹದ ಬಟ್ಟಲೊಂದಿದ್ದು, ಒಳಗಿನ ಸೋಸುವ ಭಾಗವನ್ನು ಮಾತ್ರ ಬದಲಾಯಿಸಬೇಕಿತ್ತು. ಆ ಬಟ್ಟಲಿನ ವಾಷರು ಮೇಲಿನ ಗಾಡಿಯಲ್ಲಿ ಅಡಗಿ ಕುಳಿತಿರುತ್ತಿದ್ದುದರಿಂದ ಅದನ್ನು ಸೂಜಿಯಂಥ ಸಾಧನದಿಂದ ಎಬ್ಬಿಸಿ ತೆಗೆಯಬೇಕಾಗುತ್ತಿತ್ತು. ಇತ್ತೀಚಿನ ಅನೇಕ ಕಾರುಗಳಲ್ಲಿಯೂ ಪ್ಲಾಸ್ಟಿಕ್ ಮುಚ್ಚಳದ ಕೆಳಗೆ ಬರಿಯ ಕಾಗದದ ಸುರುಳಿಯನ್ನಿಡುವ ಪದ್ಧತಿ ಮರಳಿ ಬಂದಿದೆ. ರೂಪ ಯಾವುದಾದರೂ ವಾಷರಿನ ಮಾತು ಒಂದೇ.

ಕೆಲಸಕ್ಕೆ ತೊಡಗುವವನು ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಎಂಜಿನ್ನನ್ನು ಕೆಲವು ನಿಮಿಷ ಓಡಿಸಿ ಆರಿಸಬೇಕು. ಬೆಚ್ಚಗಿನ ಎಣ್ಣೆಯು ಸರಾಗವಾಗಿ ಇಳಿಯುತ್ತದೆ. ಬಹಳ ಬಿಸಿಯಿದ್ದರೆ ಕೈಯನ್ನು ಸುಟ್ಟೀತು. ಜ್ಯಾಕಿನ ಮೇಲೆ ಮಾತ್ರ ನಿಂತಿರುವ ಕಾರಿನ ಕೆಳಗೆ ಯಾವ ಕಾರಣಕ್ಕೂ ಮಲಗಬಾರದು. ಜ್ಯಾಕು ಜಾರುತ್ತದೆ; ಹಾಗೆ ಜಾರಿ ಪ್ರಾಣ ಹೋದದ್ದುಂಟು. ಭಾರವನ್ನು ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ಇಳಿಸಿ, ಗಾಲಿಗಳಿಗೆ ಅಡೆಯಿಟ್ಟು, ಬಳಿಕವೇ ಕೆಳಗೆ ಹೋಗತಕ್ಕದ್ದು. ತೊಟ್ಟಿಯ ತಳದ ಬೋಲ್ಟನ್ನು ಬಿಚ್ಚಿ ಎಣ್ಣೆಯನ್ನು ಪಾತ್ರೆಗೆ ಇಳಿಸಿ, ಪೂರ್ತಿ ಸೋರಿದ ಮೇಲೆ ಆ ಬೋಲ್ಟನ್ನು ಮರಳಿ ಬಿಗಿಯಬೇಕು. ಇದನ್ನು ಮರೆತು ಹೊಸ ಎಣ್ಣೆಯನ್ನು ಸುರಿದು ನೆಲವನ್ನು ತೋಯಿಸಿದವರು ಅನುಭವಿಗಳಲ್ಲಿಯೂ ಇದ್ದಾರೆ.

ಹಳೆಯ ಫಿಲ್ಟರನ್ನು ಪಟ್ಟಿಯ ಸ್ಪ್ಯಾನರಿನಿಂದ ಸಡಿಲಿಸಿ ಕೈಯಿಂದ ಬಿಚ್ಚಬಹುದು. ಅದು ಹೊರಬಂದೊಡನೆ ತಿರುಗಿಸಿ ಅದರ ಬಾಯಿಯಲ್ಲಿ ವಾಷರು ಇದೆಯೇ ಎಂದು ನೋಡಬೇಕು. ಇಲ್ಲದಿದ್ದರೆ ಅದು ಎಂಜಿನ್ನಿನ ಮೇಲೆಯೇ ಇದೆ. ಬೆರಳಿನಿಂದ ಸುತ್ತಲೂ ಸವರಿ ತೆಗೆಯಬೇಕು. ಕೂರುವ ಜಾಗವನ್ನು ಶುಭ್ರವಾದ ಬಟ್ಟೆಯಿಂದ ಒರೆಸಿ, ಹೊಸ ವಾಷರಿಗೆ ಹೊಸ ಎಣ್ಣೆಯನ್ನು ತೆಳುವಾಗಿ ಸವರಬೇಕು. ಒಣಗಿದ ರಬ್ಬರು ತಿರುಗುವಾಗ ಹಿಂಜಿ ಸುರುಳಿಯಾಗುತ್ತದೆ. ಬಳಿಕ ಫಿಲ್ಟರನ್ನು ಕೈಯಿಂದಲೇ ತಿರುಪುತ್ತ ಹೋಗಬೇಕು. ವಾಷರು ಎಂಜಿನ್ನಿಗೆ ತಾಗಿದ ಮೇಲೆ ಸಾಮಾನ್ಯವಾಗಿ ಮುಕ್ಕಾಲು ಸುತ್ತು ಸಾಕು; ಎಷ್ಟೆಂಬುದನ್ನು ಡಬ್ಬಿಯ ಮೇಲೆಯೇ ಮುದ್ರಿಸಿರುವುದುಂಟು. ಬಿಚ್ಚುವುದಕ್ಕೆ ಬಳಸಿದ ಸ್ಪ್ಯಾನರನ್ನೇ ಬಿಗಿಯುವುದಕ್ಕೂ ಬಳಸಿದರೆ ವಾಷರು ನಜ್ಜುಗುಜ್ಜಾಗುತ್ತದೆ. ಮುಂದಿನ ಬಾರಿ ಬಿಚ್ಚಲು ಬಾರದೆ, ಡಬ್ಬಿಗೆ ಸ್ಕ್ರೂಡ್ರೈವರನ್ನು ಬಡಿದು ಹರಿಯುವ ಅವಸ್ಥೆ ಒದಗುವುದು ಹೀಗೆಯೇ.

ಹೇಳಿದ ದರ್ಜೆಯ ಎಣ್ಣೆಯನ್ನು ಹೇಳಿದ ಪ್ರಮಾಣದಲ್ಲಿ ತುಂಬಿ ಎಂಜಿನ್ನನ್ನು ಚಾಲೂ ಮಾಡಿದಾಗ ಕೆಂಪು ದೀಪವು ಕೆಲವು ಕ್ಷಣಗಳಲ್ಲಿ ಆರಬೇಕು. ಆರದಿದ್ದರೆ ಒಡನೆಯೇ ಎಂಜಿನ್ನನ್ನು ನಿಲ್ಲಿಸಬೇಕು. ಫಿಲ್ಟರಿನ ಸುತ್ತ ಜಿನುಗು ಕಾಣುವುದೇ ಎಂದು ನೋಡಿ, ಎಂಜಿನ್ನನ್ನು ಆರಿಸಿ, ಸ್ವಲ್ಪ ಹೊತ್ತಿನ ನಂತರ ಅಳತೆಯ ಕಡ್ಡಿಯಿಂದ ಮಟ್ಟವನ್ನು ಮತ್ತೆ ಪರೀಕ್ಷಿಸಬೇಕು. ಹೊಸ ಫಿಲ್ಟರು ತನ್ನ ಪಾಲಿನ ಎಣ್ಣೆಯನ್ನು ಕುಡಿದಿರುತ್ತದೆ. ಮುಂದಿನ ಬದಲಾವಣೆ ಎಂದು ಎಂಬುದಕ್ಕೆ ಕೈಪಿಡಿಯೇ ಆಧಾರ. ಧೂಳಿನ ರಸ್ತೆಗಳಲ್ಲಿಯೂ, ಎಂಜಿನ್ನು ಸರಿಯಾಗಿ ಕಾಯುವ ಮೊದಲೇ ನಿಲ್ಲುವ ಕಿರುದಾರಿಗಳಲ್ಲಿಯೂ ಓಡುವ ಕಾರಿಗೆ ಆ ಅವಧಿ ಇನ್ನೂ ಕಡಿಮೆ. ಫಿಲ್ಟರನ್ನು ಬದಲಾಯಿಸಿ ಎಣ್ಣೆಯನ್ನು ಹಾಗೆಯೇ ಬಿಡುವುದು ಜಾಣತನವಲ್ಲ. ಕಾಗದವು ಕಣಗಳನ್ನು ಹಿಡಿಯಬಲ್ಲುದು. ಎಣ್ಣೆಯಲ್ಲಿ ಕರಗಿದ ಇಂಧನವನ್ನೂ ಆಮ್ಲಗಳನ್ನೂ ಹಿಡಿಯಲಾರದು.

ಹೊರತೆಗೆದ ಕರಿಯ ಎಣ್ಣೆಯನ್ನು ಚರಂಡಿಗೋ ಬೇಲಿಯ ಬುಡಕ್ಕೋ ಸುರಿಯುವ ವಾಡಿಕೆ ಇನ್ನೂ ಅಳಿದಿಲ್ಲ. ಅದು ಮಣ್ಣಿಗಿಳಿದು ಬಾವಿಯ ನೀರನ್ನೂ ಕೆಡಿಸುತ್ತದೆ. ಚರ್ಮಕ್ಕೆ ಪದೇ ಪದೇ ತಾಗುವುದೂ ಕೇಡು. ಭಾರತದ 2016ರ ಅಪಾಯಕಾರಿ ತ್ಯಾಜ್ಯಗಳ ನಿಯಮಗಳು ಬಳಸಿದ ಎಣ್ಣೆಯನ್ನೂ ಒಳಗೊಂಡಿವೆ. ಮುಚ್ಚಳವಿರುವ ಡಬ್ಬದಲ್ಲಿ ತುಂಬಿ, ಅದನ್ನು ಮರುಶುದ್ಧಿಗೆ ಕಳುಹಿಸುವ ಗ್ಯಾರೇಜಿಗೆ ಒಪ್ಪಿಸಬೇಕು. ಫಿಲ್ಟರನ್ನು ಬೋರಲಾಗಿಟ್ಟು ರಾತ್ರಿಯೆಲ್ಲ ಸೋರಗೊಡಬೇಕು.

ಹಾಗೆ ಸೋರಿದ ಫಿಲ್ಟರನ್ನು ಕೆಲವು ಹಿರಿಯ ಮೆಕ್ಯಾನಿಕ್ಕರು ಎಸೆಯುವ ಮುನ್ನ ಕತ್ತರಿಸಿ, ಕಾಗದದ ಮಡಿಕೆಗಳನ್ನು ಬಿಡಿಸಿ ಬಿಸಿಲಿಗೆ ಹಿಡಿಯುತ್ತಾರೆ. ಮಸಿಯಷ್ಟೇ ಕಂಡರೆ ಚಿಂತೆಯಿಲ್ಲ. ಮಡಿಕೆಗಳ ನಡುವೆ ಮಿನುಗುವ ಚೂರುಗಳು ಕಂಡರೆ ಅಯಸ್ಕಾಂತವನ್ನು ಹಿಡಿದು ನೋಡುತ್ತಾರೆ. ಅಂಟಿಕೊಂಡರೆ ಉಕ್ಕು ಇಲ್ಲವೆ ಬೀಡುಕಬ್ಬಿಣ; ಅಂಟದೆ ಹೊಳೆದರೆ ಬಹುಶಃ ಬೇರಿಂಗಿನ ಮೃದುಲೋಹ. ಆಗ ಆ ಕಾರಿನ ಒಡೆಯನಿಗೆ ಹೇಳಿಕಳುಹಿಸಿ, ದೂರದ ಪ್ರಯಾಣಕ್ಕೆ ಹೊರಡುವ ಮೊದಲು ಎಂಜಿನ್ನನ್ನು ಬಿಚ್ಚಿಸಿ ನೋಡುವಂತೆ ತಿಳಿಸುತ್ತಾರೆ.