ತೆಂಗಿನ ಬುಡಕ್ಕೆ ಕೆಸರುಗೊಬ್ಬರ: ಬಾವಿ ಉಳಿಸಿಕೊಂಡು ಹಾಕುವುದು ಹೇಗೆ?

ಕಾರವಾರದ ಬಿಣಗಾ, ಅಮದಳ್ಳಿ ಕಡೆಯ ಹಿತ್ತಿಲುಗಳಲ್ಲಿ ಬಾವಿ, ಶೌಚಗುಂಡಿ, ತೆಂಗಿನ ಮರ ಮೂರೂ ಹತ್ತಿರ ಹತ್ತಿರವೇ ಇರುತ್ತವೆ. ಜೂನಿನ ಮಳೆ ಹಿಡಿದು ನಾಲ್ಕು ದಿನವಾದರೆ ಬಾವಿಯ ನೀರು ಮೊಳಗಟ್ಟಲೆ ಏರುತ್ತದೆ. ಕೊಡ ಎತ್ತಿದರೆ ಕೆಂಪು ನೀರು. ಅಂಗಳಕ್ಕೆ ಬಿದ್ದದ್ದು ಬಾವಿಗೆ ಇಳಿಯಿತು ಎನ್ನಲು ಇಷ್ಟು ಸಾಕ್ಷಿ ಸಾಕು. ಆದ್ದರಿಂದ ಶೌಚದ ಕೆಸರನ್ನು ತೋಟಕ್ಕೆ ಹಾಕುವ ಮಾತು ಬಂದಾಗ ಮೊದಲು ಬಾವಿಯನ್ನು ನೋಡಿ, ಆಮೇಲೆ ಮರವನ್ನು.

ಕೆಸರಿನಲ್ಲಿ ಸಾರಜನಕ, ರಂಜಕ ಇರುವುದು ನಿಜ. ದೇವನಹಳ್ಳಿಯಲ್ಲಿ 2015ರಲ್ಲಿ ಶುರುವಾದ ಮಲತ್ಯಾಜ್ಯ ಸಂಸ್ಕರಣಾ ಘಟಕದಲ್ಲಿ ಕೆಸರನ್ನು ಒಣಗಿಸಿ, ಊರಿನ ಹಸಿ ಕಸದ ಜೊತೆ ಕೊಳೆಸಿ ಗೊಬ್ಬರ ಮಾಡುವ ಕ್ರಮ ಬೆಳೆಯಿತು. ಆದರೆ ಕಾರವಾರದ ಮಳೆ ಅಲ್ಲಿಯದರ ಮೂರು ಪಟ್ಟಿಗೂ ಹೆಚ್ಚು. ಇಲ್ಲಿ ಎಚ್ಚರಿಕೆಯೂ ಅಷ್ಟೇ ಹೆಚ್ಚು ಬೇಕು.

1. ಹಸಿ ಕೆಸರು ಬೇಡವೇ ಬೇಡ. ಟ್ಯಾಂಕರಿನಿಂದ ನೇರ ತೋಟಕ್ಕೆ ಬಿಡಿಸಬೇಡಿ. ಜಂತುಹುಳದ ಮೊಟ್ಟೆ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. 1974ರ ಜಲ ಕಾಯ್ದೆಯ 24ನೇ ಕಲಮು ಹಳ್ಳ, ಬಾವಿಗಳ ಜೊತೆಗೆ ನೆಲದ ಮೇಲೆ ಮಲಿನ ವಸ್ತು ಬಿಡುವುದನ್ನೂ ನಿಷೇಧಿಸಿದೆ. ಗುಂಡಿ ಬಳಿಯಲು ಮನುಷ್ಯರನ್ನು ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆಯಂತೆ ಅಪರಾಧ.

2. ಎರಡು ಮಳೆಗಾಲ ಕಾಯಿರಿ. ಜೋಡಿಗುಂಡಿ ಶೌಚಾಲಯವಿದ್ದರೆ ತುಂಬಿದ ಗುಂಡಿಯನ್ನು ಮುಚ್ಚಿಬಿಡಿ. ನಮ್ಮಂಥ ಬಿಸಿ ಸೀಮೆಯಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಇಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೇಳಿದೆ. ನಡುವೆ ಹೊಸತು ಸೇರಿದರೆ ಲೆಕ್ಕ ಮೊದಲಿನಿಂದ.

3. ಕೊಳ್ಳುವುದಾದರೆ ವರದಿ ಕೇಳಿ. ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ನಗರ ಕಾಂಪೋಸ್ಟಿನಲ್ಲಿ ಕಿಲೋಗೆ ಕ್ಯಾಡ್ಮಿಯಂ 5, ಸೀಸ 100, ಪಾದರಸ 0.15 ಮಿಲಿಗ್ರಾಂ ಮೀರಬಾರದು. ಗೊಬ್ಬರ ಕೊಳೆತಂತೆ ರೋಗಾಣು ಸಾಯುತ್ತದೆ, ಲೋಹ ಮಣ್ಣಲ್ಲೇ ಕೂರುತ್ತದೆ.

4. ನೆಲವನ್ನು ಕೇಳಿ. ಒಂದಡಿ ಗುಂಡಿ ತೋಡಿ ಒಂದು ಕೊಡ ನೀರು ಹೊಯ್ಯಿರಿ. ಎಲೆ ಅಡಿಕೆ ಮಡಿಸುವಷ್ಟರಲ್ಲಿ ನೀರು ಇಂಗಿಹೋದರೆ ಆ ಮಣ್ಣು ಏನನ್ನೂ ಸೋಸಿ ಹಿಡಿಯುವುದಿಲ್ಲ. ಹಾರೆ ಊರಿದೊಡನೆ ಚಿರೆಕಲ್ಲು ತಾಗುವ ಜಾಗವೂ ಅಷ್ಟೆ. ಕಲ್ಲಿನ ತೂತುಗಳೇ ಬಾವಿಗೆ ದಾರಿ. ಅಲ್ಲಿ ಹಾಕಬೇಡಿ.

5. ದೂರ ಅಳೆಯಿರಿ. ಇಂಗುಗುಂಡಿಗೂ ಕುಡಿಯುವ ನೀರಿನ ಬಾವಿಗೂ 18 ಮೀಟರ್ ಅಂತರ ಇರಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ಗೊಬ್ಬರಕ್ಕೂ ಅದನ್ನೇ ಕನಿಷ್ಠ ಎಂದುಕೊಳ್ಳಿ. ಸಾಧ್ಯವಾದರೆ 30 ಮೀಟರ್ ಬಿಡಿ. ಬಾವಿಗಿಂತ ಎತ್ತರದ ಜಾಗ, ಹಳ್ಳದ ದಂಡೆ, ಗಜನಿ ಗದ್ದೆ ಬೇಡ.

6. ಕಾಲ ನೋಡಿ. ಮಳೆ ಪೂರ್ತಿ ಹೋದ ಮೇಲೆ, ನವೆಂಬರ್‌ನಿಂದ ಜನವರಿಯೊಳಗೆ ಹಾಕಿ ಮಣ್ಣು ಮುಚ್ಚಿ. ಮೇ ತಿಂಗಳಲ್ಲಿ ಹಾಕಿದ್ದು ಜೂನಿಗೆ ಬಾವಿ ಸೇರುತ್ತದೆ. ಕೈಗವಸು, ಬೂಟು ಮರೆಯಬೇಡಿ.

7. ಬೆಳೆ ಆರಿಸಿ. ತೆಂಗಿಗೆ ಸರಿ. ಹರಿವೆ, ಮೂಲಂಗಿ, ಗೆಣಸಿನ ಮಡಿಗೆ ಬೇಡ. ಉದುರಿದ ಹಣ್ಣು ಹೆಕ್ಕಿ ತಿನ್ನುವ ಇಶಾಡ ಮಾವಿನ ಬುಡಕ್ಕೂ ಬೇಡ.

8. ಲೆಕ್ಕ ಹಾಕಿ. ಫಲ ಕೊಡುವ ತೆಂಗಿಗೆ ವರ್ಷಕ್ಕೆ ಶಿಫಾರಸಾದ ಸಾರಜನಕ 500 ಗ್ರಾಂ. ಗೊಬ್ಬರದಲ್ಲಿ ಸಾರಜನಕ ಶೇ. 1.5 ಇದ್ದರೆ 20 ಕಿಲೋದಲ್ಲಿ 300 ಗ್ರಾಂ ಬಂತು; ಉಳಿದ 200 ಗ್ರಾಂ ಮಾತ್ರ ಬೇರೆಯದರಿಂದ ಕೊಡಿ. ಮರ ಹೀರದ ಸಾರಜನಕವೇ ನೈಟ್ರೇಟ್ ಆಗಿ ನೀರಿಗಿಳಿಯುವುದು. ಕೆಸರಿನಲ್ಲಿ ಪೊಟ್ಯಾಷ್ ಕಡಿಮೆ, ಅದಕ್ಕೆ ಬೂದಿ ಹಾಕಿ.

9. ಬಾವಿ ಪರೀಕ್ಷಿಸಿ. ಹಾಕುವ ಮೊದಲೊಮ್ಮೆ, ಮುಂದಿನ ಜುಲೈನಲ್ಲೊಮ್ಮೆ. ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. 100 ಮಿಲಿಲೀಟರಿನಲ್ಲಿ ಒಂದೂ ಇ-ಕೋಲಿ ಕಾಣಬಾರದು. ಕುದಿಸಿದರೆ ರೋಗಾಣು ಸಾಯುತ್ತದೆ, ನೈಟ್ರೇಟ್ ಹೋಗುವುದಿಲ್ಲ. ಅದು ಹೆಚ್ಚಿದ್ದರೆ ಆ ನೀರಿನಲ್ಲಿ ಹಸುಗೂಸಿಗೆ ಹಾಲಿನ ಪುಡಿ ಕಲಸಬೇಡಿ.

10. ನೆರೆಮನೆಗೆ ಹೇಳಿ. ಬೇಲಿ ಇರುವುದು ನೆಲದ ಮೇಲೆ ಮಾತ್ರ. ಅಡಿಯಲ್ಲಿ ಸೆಲೆ ಒಂದೇ. ದೂರ ಅಳೆಯುವಾಗ ಅವರ ಬಾವಿಯಿಂದಲೂ ಅಳೆಯಿರಿ, ಪರೀಕ್ಷೆಗೆ ಅವರ ಬಾವಿಯದ್ದೂ ಒಂದು ಬಾಟಲಿ ನೀರು ಕೊಂಡೊಯ್ಯಿರಿ.