ಹೊಳಪು ನೋಡಿ ಬ್ಯೂಗಲ್ ಕೊಳ್ಳಬೇಡ

ಪುಟ್ಟಿ,

ಡ್ರಮ್ಮು, ಬ್ಯೂಗಲ್ ನುಡಿಸುತ್ತ ಹೆಜ್ಜೆ ಹಾಕೋ ಡ್ರಮ್ ಕೋರ್‌ನವರ ಹಳೇ ಬ್ಯೂಗಲ್ ಬೇಕೇ ಬೇಕು ಅಂತ ಪಟ್ಟು ಹಿಡಿದು ಕೂತಿದ್ದೀಯಂತೆ. ನಿಮ್ಮಮ್ಮ ಫೋನ್ ಮಾಡಿ, "ನೀನಾದ್ರೂ ಸ್ವಲ್ಪ ಹೇಳಣ್ಣ ಇವಳಿಗೆ" ಅಂದಳು. ಹಳೇ ಬ್ಯೂಗಲ್ ತುಂಬಿದ ನನ್ನ ಮನೆಯ ಬೇಸ್‌ಮೆಂಟ್ ನೋಡಿದ ಮೇಲೂ ನನಗೇ ಹೇಳು ಅಂದಳಲ್ಲ, ಅವಳ ಧೈರ್ಯ ಮೆಚ್ಚಬೇಕು! ಬೇಡ ಅಂತ ನಾನು ಹೇಳೋಲ್ಲ. ನುಡಿಸೋಕೆ ಕೊಳ್ಳು, ಗೋಡೆಗೆ ನೇತುಹಾಕೋಕಲ್ಲ, ಅಷ್ಟೆ. ಇದೊಂದು ಗಟ್ಟಿಯಾದರೆ ಯಾವುದನ್ನು ತರಬೇಕು, ಯಾವುದನ್ನು ಬಿಡಬೇಕು ಅನ್ನೋದು ತಾನಾಗೇ ತಿಳಿಯುತ್ತೆ.

ಕೊಳ್ಳೋ ಮುಂಚೆ ಅದು ಯಾವ ಕಾಲದ್ದು ಅಂತ ಕೇಳು. ಮೊದಲ ಮಹಾಯುದ್ಧ ಮುಗಿಸಿ ಬಂದ ಅಮೆರಿಕದ ಸೈನಿಕರು ಅಮೆರಿಕನ್ ಲೀಜನ್ ತರಹದ ಮಾಜಿ ಸೈನಿಕರ ಸಂಘಗಳ ಆಸರೆಯಲ್ಲಿ ಡ್ರಮ್ ಕೋರ್‌ಗಳನ್ನು ಕಟ್ಟಿದರು. ಆಗ ಅವರ ಕೈಯಲ್ಲಿದ್ದದ್ದು ಸೈನ್ಯದ ಜಿ ಶ್ರುತಿಯ ಬರೀ ಕೊಳವೆ, ವಾಲ್ವ್ ಇಲ್ಲ, ತುಟಿಯದೇ ಎಲ್ಲ ಕೆಲಸ. 1920ರ ದಶಕದ ಕೊನೆಗೆ ಷಿಕಾಗೋದ ಲುಡ್ವಿಗ್ ಕಂಪನಿ ಅದಕ್ಕೊಂದು ಅಡ್ಡ ಪಿಸ್ಟನ್ ವಾಲ್ವ್ ಕೂರಿಸಿತು. ಹೆಬ್ಬೆರಳಲ್ಲಿ ಒತ್ತಿದರೆ ಜಿ ಇದ್ದದ್ದು ಡಿಗೆ ಇಳಿಯುತ್ತೆ. ಮುಂದೆ ಪಿಸ್ಟನ್ ಜೊತೆಗೆ ರೋಟರಿ ವಾಲ್ವ್ ಬಂತು. ಕೋರ್‌ಗಳ ಸ್ಪರ್ಧೆ ನಡೆಸೋ ಡ್ರಮ್ ಕೋರ್ಸ್ ಇಂಟರ್‌ನ್ಯಾಷನಲ್ 1977ರಲ್ಲಿ ಎರಡು ನೆಟ್ಟಗಿನ ವಾಲ್ವ್‌ಗಳಿಗೆ ಒಪ್ಪಿಗೆ ಕೊಟ್ಟಿತು, 1990ರಲ್ಲಿ ಮೂರಕ್ಕೆ. 2000ದ ಹೊತ್ತಿಗೆ ಅದೇ ಸಂಸ್ಥೆ ಯಾವ ಶ್ರುತಿಯ ವಾದ್ಯವಾದರೂ ಸರಿ ಅಂದುಬಿಟ್ಟಿತು. ತಂಡಗಳು ಬಿ-ಫ್ಲ್ಯಾಟ್ ಕಡೆಗೆ ಹೊರಟವು, ಜಿ ಬ್ಯೂಗಲ್‌ಗಳು ಮಾರಾಟಕ್ಕೆ ಬಂದವು. ಇವತ್ತು ನೀನು ನೋಡ್ತಿರೋ ಮಾಲಿನಲ್ಲಿ ಎಷ್ಟೋ ಹೀಗೇ ಕೈ ಬದಲಾಯಿಸಿದ್ದು.

ನೀನು ಸ್ಕೂಲ್ ಬ್ಯಾಂಡಿನಲ್ಲಿ ಟ್ರಂಪೆಟ್ ನುಡಿಸೋಳು. ಎರಡು ವಾಲ್ವಿನ ಬ್ಯೂಗಲ್ ಸಿಕ್ಕರೆ ಬೆರಳು ತಡಕಾಡೋಲ್ಲ, ಟ್ರಂಪೆಟ್ಟಿನ ಮೊದಲೆರಡು ವಾಲ್ವ್ ಮಾಡೋ ಕೆಲಸವೇ ಅದೂ ಮಾಡುತ್ತೆ. ಆದರೂ ನನ್ನ ಮಾತು ಕೇಳೋದಾದರೆ ಮೊದಲು ಒಂದೇ ಪಿಸ್ಟನ್ನಿನ ಜಿ-ಡಿ ಸೊಪ್ರಾನೊ, ಅಂದರೆ ಎತ್ತರದ ಸ್ವರದ ಬ್ಯೂಗಲ್ ತಗೋ. ಕಾರಣ ಇದೆ, ಕೇಳು. ಪಿಸ್ಟನ್ ಒತ್ತದೆ ಊದಿದರೆ ಷಡ್ಜ, ಗಾಂಧಾರ, ಪಂಚಮ ಬರುತ್ತವೆ. ಒತ್ತಿದರೆ ಪಂಚಮ, ನಿಷಾದ, ರಿಷಭ. ಎರಡನ್ನೂ ಸೇರಿಸಿ ಹಾಡಿ ನೋಡು: ಸ ರಿ ಗ ಪ ನಿ. ಮಧ್ಯಮ ಇಲ್ಲ, ಧೈವತ ಇಲ್ಲ. ನಿನ್ನ ಸಂಗೀತದ ಮೇಷ್ಟ್ರು ಕಲಿಸಿದ ಹಂಸಧ್ವನಿ! ಷಿಕಾಗೋದಲ್ಲಿ ಇದನ್ನು ಮಾಡಿದವರಿಗೆ ಆ ರಾಗದ ಹೆಸರೂ ಗೊತ್ತಿದ್ದಿರಲಾರದು. ಪಿಸ್ಟನ್ ಒತ್ತಿ ಮಧ್ಯಮದ ಹತ್ತಿರದ ಸ್ವರವೊಂದನ್ನು ಎಳೆಯಬಹುದು, ಆದರೆ ಅದು ಕಿವಿಗೆ ಗೊತ್ತಾಗೋಷ್ಟು ಇಳಿದಿರುತ್ತೆ, ನಂಬಬೇಡ. ಕೆಳಸ್ಥಾಯಿಯಲ್ಲಿ ಗಾಂಧಾರವೇ ಸಿಗೋಲ್ಲ, ಮೇಲಿನ ನಿಷಾದಕ್ಕೆ ತುಟಿ ಒಡೆಯೋಷ್ಟು ಕಷ್ಟ. ನಡುವೆ ನಿ ಸ ರಿ ಗ ಪ, ಆ ಐದೇ ಸ್ವರದಲ್ಲಿ ಬೆಳಗ್ಗೆಯೆಲ್ಲ ಓಡಾಡಬಹುದು. ಗಮಕಕ್ಕೆ ಮಾತ್ರ ಕೈ ಹಾಕಬೇಡ, ಈ ವಾದ್ಯ ಅದಕ್ಕೆ ಹುಟ್ಟಿದ್ದಲ್ಲ.

ಇನ್ನು ಕೊಳ್ಳೋ ವಿಚಾರ. ಫೋಟೋದಲ್ಲಿ ಕ್ರೋಮ್ ಫಳಫಳ ಹೊಳೆಯುತ್ತೆ, ಅದೇ ಅಪಾಯ. ಕ್ರೋಮ್ ಕೆಳಗೆ ಹಿತ್ತಾಳೆ ಹೇಗಿದೆ ಅಂತ ಹೊರಗಿಂದ ಕಾಣೋಲ್ಲ. ಕೊಳವೆಯಲ್ಲಿ ಎಲ್ಲಾದರೂ ಲೇಪ ಬಿಟ್ಟ ಕಡೆ ನಸುಗೆಂಪು ಚುಕ್ಕೆ, ಅದರ ನಡುವೆ ಕಪ್ಪು ಕಂಡರೆ ಹಿತ್ತಾಳೆಯೊಳಗಿನ ಸತು ಕರಗಿ ಹೋಗ್ತಿದೆ ಅಂತ ಅರ್ಥ. ಮೌತ್‌ಪೀಸ್ ಕೂರೋ ಮೊದಲ ಕೊಳವೆಯಲ್ಲೇ ಅದು ಹೆಚ್ಚು, ಬಾಯಿಯ ಒದ್ದೆ ಮೊದಲು ತಾಗೋದು ಅಲ್ಲೇ ತಾನೆ. ಕಿತ್ತುಬಂದ ಕ್ರೋಮನ್ನು ಮನೆಯಲ್ಲಿ ಉಜ್ಜಿ ತೆಗೆಯೋಕೆ ಹೋಗಬೇಡ. ಆ ಧೂಳು ಒಳಗೆ ಹೋಗೋದು ಒಳ್ಳೇದಲ್ಲ, ಅಂಚು ಬೆರಳನ್ನೂ ಕುಯ್ಯುತ್ತೆ.

ಜೀವ ಇರೋದು ಪಿಸ್ಟನ್ನಿನಲ್ಲಿ. ಪಿಸ್ಟನ್ ಒತ್ತದೆ ಅದರ ಸ್ಲೈಡನ್ನು, ಅಂದರೆ ಜಾರೋ ಕೊಳವೆಯನ್ನು, ಸ್ವಲ್ಪ ಎಳೆ, ಒಂದು ಗಳಿಗೆ ಬಿಟ್ಟು ಒತ್ತು. ಪಟ್ ಅಂತ ಸದ್ದಾದರೆ ಗಾಳಿ ಸೋರ್ತಿಲ್ಲ ಅಂತ ನಂಬಬಹುದು. ಸದ್ದೇ ಇಲ್ಲದಿದ್ದರೆ ಎಷ್ಟು ಎಣ್ಣೆ ಹಾಕಿದರೂ ಅದು ಹೊಸದಾಗೋಲ್ಲ, ಬೆಲೆ ಇಳಿಸಿ ಕೇಳು ಇಲ್ಲವೇ ಬಿಟ್ಟುಬಿಡು. ದೂರದಿಂದ ತರಿಸೋದಾದರೆ ಮಾರೋರ ಹತ್ತಿರ ಇದೇ ಪರೀಕ್ಷೆಯ ವಿಡಿಯೋ ಕೇಳು. ಮುನಿಸಿಕೊಂಡರೆ ಮುನಿಸಿಕೊಳ್ಳಲಿ. ಬಿಗಿದುಕೊಂಡ ಸ್ಲೈಡನ್ನು ಇಕ್ಕಳ ಹಾಕಿ ಎಳೆಯಬೇಡ, ಹಿತ್ತಾಳೆ ವಾದ್ಯ ರಿಪೇರಿ ಮಾಡೋರ ಕೈಗೆ ಕೊಡು. ಒಳಗೆ ತೊಳೆಯೋಕೆ ಉಗುರುಬೆಚ್ಚಗಿನ ನೀರು, ಪಾತ್ರೆ ಸೋಪು, ಬಳುಕೋ ಬ್ರಷ್ ಸಾಕು. ಹುಣಸೆಹಣ್ಣು ಹಚ್ಚಿ ತಿಕ್ಕಿಬಿಟ್ಟೀಯ, ಅಜ್ಜಿಯ ತಂಬಿಗೆ ಅಲ್ಲ ಅದು!

ಕಂಪನಿಯ ಹೆಸರು ಓದೋಕೆ ಕಲಿ. ವಿಸ್ಕಾನ್ಸಿನ್ನಿನ ಎಲ್ಕ್‌ಹಾರ್ನ್‌ನ ಗೆಟ್ಜೆನ್, ಟೊರಾಂಟೋದ ವೇಲಿ ರಾಯ್ಸ್, ಕ್ಯಾಲಿಫೋರ್ನಿಯಾದ ಓಲ್ಡ್ಸ್ ಮತ್ತು ಕ್ಯಾನ್‌ಸ್ಟುಲ್ ಹೀಗೆ. ಓಲ್ಡ್ಸ್ 1979ರಲ್ಲೇ ಬಾಗಿಲು ಹಾಕಿತು, ಕ್ಯಾನ್‌ಸ್ಟುಲ್ 2019ರಲ್ಲಿ. ಅವುಗಳ ಪಿಸ್ಟನ್ ಕೆಟ್ಟರೆ ಅಂಗಡಿಯಿಂದ ಹೊಸದು ತರೋಹಾಗಿಲ್ಲ, ಇನ್ನೊಂದು ಮುರುಕು ಬ್ಯೂಗಲ್ ಹುಡುಕಬೇಕು. ಒಂದರ ಪಿಸ್ಟನ್ ಇನ್ನೊಂದಕ್ಕೆ ಹಾಗೇ ಕೂರುತ್ತೆ ಅಂತಲೂ ಇಲ್ಲ.

ಯಾರಾದರೂ "ಕೊಳವೆ ಕತ್ತರಿಸಿ ಬಿ-ಫ್ಲ್ಯಾಟ್ ಮಾಡಿಕೊಡ್ತೀನಿ" ಅಂದರೆ ಹತ್ತಿರ ಸೇರಿಸಬೇಡ. ಹಾಗೆ ಕತ್ತರಿಸಿದ್ದು ಬ್ಯೂಗಲ್ಲೂ ಅಲ್ಲ, ಒಳ್ಳೇ ಟ್ರಂಪೆಟ್ಟೂ ಅಲ್ಲ. ಸ್ಕೂಲ್ ಬ್ಯಾಂಡಿಗೆ ನಿನ್ನ ಟ್ರಂಪೆಟ್ ಇದ್ದೇ ಇದೆ. ಜಿ ಬ್ಯೂಗಲ್ ಹಿಡಿದು ಅಲ್ಲಿಗೆ ಹೋದರೆ ಶ್ರುತಿ ಕೂಡೋಲ್ಲ, ಬೈಸಿಕೊಂಡು ಬರ್ತೀಯ. ಅದನ್ನು ಬಲ್ಲವರು ಬೇಕಾದರೆ ಹಳೇ ಸದಸ್ಯರು ಸೇರಿಕೊಂಡು ನಡೆಸೋ ಅಲಮ್ನೈ ಕೋರ್ ಹುಡುಕು. ಅಲ್ಲಿ ಇನ್ನೂ ಜಿ ಬ್ಯೂಗಲ್ ನುಡಿಸೋ ಅರವತ್ತು ದಾಟಿದವರು ಸಿಗ್ತಾರೆ. ಬಾಯಿಬಿಟ್ಟು ಕೇಳಿದರೆ ಪಿಸ್ಟನ್ ಹಿಡಿಯೋ ಪಟ್ಟುಗಳನ್ನೆಲ್ಲ ಧಾರಾಳವಾಗಿ ಹೇಳಿಕೊಡ್ತಾರೆ.

ಭುಜದ ಮೇಲೆ ಹೊರೋ ಕಾಂಟ್ರಾಬಾಸ್ ಬ್ಯೂಗಲ್ ಆಸೆ ಸದ್ಯಕ್ಕೆ ಬಿಡು. ಅಪಾರ್ಟ್‌ಮೆಂಟಿನಲ್ಲಿ ಅದಕ್ಕೆ ಜಾಗವೂ ಇಲ್ಲ, ಪಕ್ಕದ ಮನೆಯವರಿಗೆ ತಾಳ್ಮೆಯೂ ಇರೋಲ್ಲ. ಸೊಪ್ರಾನೊ ತಗೊಂಡರೆ ಸಾಮಾನ್ಯವಾಗಿ ನಿನ್ನ ಟ್ರಂಪೆಟ್ ಮೌತ್‌ಪೀಸೇ ಹೊಂದುತ್ತೆ, ಅದಕ್ಕೆ ಬೇರೆ ದುಡ್ಡು ಹಾಕಬೇಡ. ಹಣ ಕಳಿಸೋ ಮುಂಚೆ ಫೋಟೋ ನನಗೆ ಹಾಕು. ನಿಮ್ಮಮ್ಮನ ಹತ್ತಿರ ನಾನೇ ಮಾತಾಡ್ತೀನಿ.